ಹಾಡಿಗೆ ನಿಷೇಧ, ಬಂದೂಕಿಗೆ ಮೌನ

ಫಾಸ್ಟರ್ ದ ಪೀಪಲ್ ತಂಡದ ‘ಪಂಪ್ಡ್ ಅಪ್ ಕಿಕ್ಸ್’ ಗೀತೆಯನ್ನು ನಮ್ಮ ಮಕ್ಕಳು ದೀಪಾವಳಿ ವೇದಿಕೆಯಲ್ಲಿ ಹಾಡಕೂಡದೆಂದು ಕೆಲವು ಪೋಷಕರು ಪಟ್ಟು ಹಿಡಿದಿದ್ದಾರೆ. ಸಹಪಾಠಿಗಳನ್ನು ಕೊಲ್ಲಬಯಸುವ ಹುಡುಗನ ಮನಸ್ಸೇ ಅದರ ವಸ್ತುವೆಂಬುದು ಈಗಷ್ಟೇ ಅರಿವಾಯಿತಂತೆ! 2011ರಲ್ಲಿ ಅದು ಬಿಲ್‌ಬೋರ್ಡ್ ಪಟ್ಟಿಯ 3ನೆಯ ಸ್ಥಾನಕ್ಕೇರಿದಾಗ ಅದರ ಸಿಳ್ಳೆಗೆ ಕಾರಿನಲ್ಲಿ ತಾಳ ಹಾಕಿದವರೇ ನಾವೆಲ್ಲ; ನಾನೂ ಹೊರತಲ್ಲ.

ಆ ಹಾಡು ಹಿಂಸೆಯನ್ನು ವೈಭವೀಕರಿಸುವುದಿಲ್ಲ. ತಂಡದ ಅಂದಿನ ಬಾಸ್ ವಾದಕನ ಸೋದರಸಂಬಂಧಿಯೊಬ್ಬರು 1999ರ ಕೊಲಂಬೈನ್ ಶಾಲೆಯ ದಾಳಿಯಲ್ಲಿ ಬದುಕುಳಿದವರು. 2012ರ ಸ್ಯಾಂಡಿ ಹುಕ್ ಹತ್ಯಾಕಾಂಡದ ಬಳಿಕ ಅನೇಕ ರೇಡಿಯೋ ಕೇಂದ್ರಗಳು ಹಾಡನ್ನು ಕೈಬಿಟ್ಟವು. ಬಂದೂಕುಗಳು ಇದ್ದಲ್ಲೇ ಉಳಿದವು. 2020ರಲ್ಲಿ ಅಮೆರಿಕದ ಮಕ್ಕಳ ಹಾಗೂ ಹದಿಹರೆಯದವರ ಸಾವಿಗೆ ಬಂದೂಕೇ ಮೊದಲ ಕಾರಣವಾಯಿತು. ಗೀತೆಯ ಹುಡುಗನಿಗೂ ಆಯುಧ ದೊರೆತದ್ದು ಅಂಗಡಿಯಲ್ಲಲ್ಲ, ತಂದೆಯ ಕಪಾಟಿನಲ್ಲಿ.

ವೈದ್ಯನಾಗಿ ಕೇಳುತ್ತೇನೆ: ಮಗುವನ್ನು ಗೆಳೆಯನ ಮನೆಗೆ ಕಳುಹಿಸುವಾಗ ಕಡಲೆಕಾಯಿ, ಮೊಟ್ಟೆಗಳ ಕುರಿತು ಎರಡೆರಡು ಬಾರಿ ವಿಚಾರಿಸುವ ನಾವು, ‘ನಿಮ್ಮಲ್ಲಿ ಬಂದೂಕಿದೆಯೇ? ಬೀಗ ಹಾಕಿದೆಯೇ?’ ಎಂದು ಎಂದಾದರೂ ಕೇಳಿದ್ದೇವೆಯೇ? ಸಂಕೋಚವಂತೆ. ಹಾಡು ಗೆದ್ದ ವರ್ಷವೇ ಫ್ಲಾರಿಡಾ ರಾಜ್ಯವು ವೈದ್ಯರು ಈ ಪ್ರಶ್ನೆ ಕೇಳುವುದಕ್ಕೆ ನಿರ್ಬಂಧ ಹೇರಿತು. ಅದನ್ನು ತೆಗೆಯಲು 2017ರಲ್ಲಿ ನ್ಯಾಯಾಲಯವೇ ಬರಬೇಕಾಯಿತು. ನಮ್ಮ ಬಾಯಿ ಕಟ್ಟಲಾದರೋ ಯಾವ ಕಾನೂನೂ ಬೇಕಾಗಿಲ್ಲ.

ಮಕ್ಕಳು ಹಾಡಲಿ, ಮೊದಲು ಅದರ ಅರ್ಥವನ್ನು ಕನ್ನಡದಲ್ಲಿ ಹೇಳಲಿ. ಆ ಸಂಜೆ ಬಂದೂಕಿನ ಬೀಗಗಳ ಪೆಟ್ಟಿಗೆಯೊಂದಿಗೆ ನಾನು ಸಭಾಂಗಣದ ಬಾಗಿಲಲ್ಲಿ ಕುಳಿತಿರುತ್ತೇನೆ. ಬೇಕಾದವರು ಹೆಸರು ಹೇಳದೆಯೇ ಒಯ್ಯಬಹುದು.