ಅಳತೆಗೆ ತಕ್ಕ ಸೈಕಲ್ಲು

ಪಾದರಕ್ಷೆ ಕೊಳ್ಳಲು ಹೋದವರು ಅದನ್ನು ಕಾಲಿಗೆ ಮೆಟ್ಟಿ, ಅಂಗಡಿಯೊಳಗೇ ನಾಲ್ಕು ಹೆಜ್ಜೆ ನಡೆದು ನೋಡಿದ ಮೇಲೆಯೇ ಹಣ ಎಣಿಸುತ್ತಾರೆ. ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ಸೈಕಲ್ಲನ್ನು ಕೊಳ್ಳುವಾಗ ಮಾತ್ರ ಅದೇ ಜನ ಬಣ್ಣವನ್ನು ನೋಡಿ, ಗಂಟೆಯನ್ನು ಬಾರಿಸಿ, ಗೇರುಗಳನ್ನು ಎಣಿಸಿ ಮನೆಗೆ ತಂದುಬಿಡುತ್ತಾರೆ. ನಾನೂ ಒಮ್ಮೆ ಹಾಗೆ ತಂದವನೇ. ಕೆಂಪು ಬಣ್ಣಕ್ಕೆ ಮರುಳಾಗಿ ಎರಡಳತೆ ದೊಡ್ಡದನ್ನು ಕೊಂಡು, ಆರು ತಿಂಗಳು ತುಳಿದು, ಆಮೇಲೆ ಎರಡು ವರ್ಷ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡೆ. ಆ ಜ್ಞಾನವು ವ್ಯರ್ಥವಾಗಲಿಲ್ಲವೆಂಬುದು ಈಚೆಗೆ ನನಗೆ ಮನವರಿಕೆಯಾಯಿತು.

ದೀಪಾವಳಿ ಕಳೆದ ವಾರ, ಬಳ್ಳಾರಿಯ ನಮ್ಮ ಬೀದಿಯ ತಾಯಿಯೊಬ್ಬರು ಮಗಳನ್ನು ಮುಂದಿಟ್ಟುಕೊಂಡು ನಮ್ಮ ಮನೆಗೆ ಬಂದರು. ಈ ಊರಿನ ಜೀನ್ಸ್ ಉಡುಪು ದೇಶದಲ್ಲೆಲ್ಲ ಹೆಸರಾದದ್ದು ವಾಚಕರಿಗೆ ತಿಳಿದೇ ಇದೆ. ಆ ಹೆಸರಿನ ಹಿಂದೆ ಮನೆಮನೆಗಳಲ್ಲಿ ತುಂಡಿಗಿಷ್ಟು ಎಂದು ಹೊಲಿಯುವ ಕೈಗಳಿವೆ. ಅಂಥ ಕೈಗಳು ಆಕೆಯವು. ಹೊಸ ಹೊಲಿಗೆ ಯಂತ್ರಕ್ಕೆಂದು ಆಕೆ ಮೂರು ವರ್ಷದಿಂದ ಕೂಡಿಟ್ಟದ್ದು ಮೂವತ್ತೈದು ಸಾವಿರ ರೂಪಾಯಿ. ಮಗಳು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿನಿ. ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಅಕ್ಕನಿಗೆ ಶಾಲೆಯಿಂದ ದೊರೆತಿದ್ದ ಸೈಕಲ್ಲನ್ನೇ ತುಳಿದು, ಓಟದ ಸೈಕಲ್ಲಿನ ಹುಡುಗರನ್ನು ಎರಡು ಸಲ ಹಿಂದಿಕ್ಕಿದವಳು. ರಸ್ತೆ ಸೈಕಲ್ ಪಂದ್ಯದ ಆಯ್ಕೆಗೆ ಇನ್ನು ಕೆಲವೇ ತಿಂಗಳು. ಅದರಲ್ಲಿ ಗೆದ್ದರೆ, ಎಷ್ಟೋ ಮಂದಿ ಸೈಕಲ್ ಪಟುಗಳನ್ನು ನಾಡಿಗೆ ಕೊಟ್ಟ ವಿಜಯಪುರದ ಕಡೆಯ ಕ್ರೀಡಾನಿಲಯವನ್ನು ಸೇರಬಹುದೆಂಬುದು ಅವಳ ಆಸೆ.

“ಅಣ್ಣಾ, ಯಂತ್ರದ ರೊಕ್ಕ ಇದು. ಸೈಕಲ್ಲಿಗೆ ಹಾಕಿದ್ರ ತಿರುಗಿ ಬರಲ್ಲ. ಸರಿಯಾಗಿ ನೋಡಿ ಕೊಡಿಸ್ರಿ” ಎಂದರು ಆಕೆ.

ಬಾಗಿಲಲ್ಲೇ ನಿಂತಿದ್ದ ತಂದೆಗೆ ಈ ವಿಚಾರವೇ ಒಗ್ಗಿರಲಿಲ್ಲ. ಸರಕಿನ ಆಟೋ ಓಡಿಸುವ ಆ ಗೃಹಸ್ಥರು ಹಿಂದಿನ ದಿನ ಪೇಟೆಯಲ್ಲಿ ವಿಚಾರಿಸಿ ಬಂದಿದ್ದರು. “ಹನ್ನೆರಡು ಸಾವಿರಕ್ಕ ಇಪ್ಪತ್ತೊಂದು ಗೇರಿನ ಸೈಕಲ್ ಬರ್ತೈತ್ರಿ, ಮುಂದ ಸ್ಪ್ರಿಂಗ್ ಬ್ಯಾರೆ. ಇದಕ್ಕ ಹದಿನಾಲ್ಕೇ ಗೇರು, ಟಗರಿನ ಕೊಂಬಿನಂಥ ಹ್ಯಾಂಡಲ್ಲು. ದುಪ್ಪಟ್ಟು ರೊಕ್ಕ ಯಾತಕ್ಕ?” ಎಂದು ಕೇಳಿದರು.

ಈ ಪ್ರಶ್ನೆ ನ್ಯಾಯವಾದದ್ದು. ಪ್ರತಿಯೊಂದು ಮನೆಯಲ್ಲಿಯೂ ಏಳತಕ್ಕದ್ದು. ಆದುದರಿಂದ ಅದಕ್ಕೆ ಉತ್ತರವನ್ನು ಮೊದಲು ಹೇಳುತ್ತೇನೆ.

ಇಪ್ಪತ್ತೊಂದು ಗೇರುಗಳೆಂದರೆ ಮುಂದಿನ ಮೂರು ಹಲ್ಲುಚಕ್ರಗಳನ್ನು ಹಿಂದಿನ ಏಳರಿಂದ ಗುಣಿಸಿದ ಲೆಕ್ಕ. ಅವುಗಳಲ್ಲಿ ಎಷ್ಟೋ ಜೋಡಿಗಳು ಒಂದರ ಕೆಲಸವನ್ನೇ ಇನ್ನೊಂದು ಮಾಡುವಂಥವು. ಅಗ್ಗದ ಸೈಕಲ್ಲಿನ ಮುಂದಿನ ಸ್ಪ್ರಿಂಗು ತೂಕವನ್ನು ಏರಿಸಿ, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ಇನ್ನು ಟಗರಿನ ಕೊಂಬು! ಅದು ಅಲಂಕಾರಕ್ಕಾಗಿ ಬಾಗಿದ್ದಲ್ಲ. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿಲೋಮೀಟರು. ದಾರಿ ಬಹುತೇಕ ಬಯಲು, ಕರಿಮಣ್ಣಿನ ಸೀಮೆ, ಗಾಳಿಗೆ ಅಡ್ಡವೆಂಬುದಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ನೈರುತ್ಯದ ಗಾಳಿಯು ಉತ್ತರಕ್ಕೆ ಹೋಗುವವನ ಬೆನ್ನು ತಟ್ಟಿ ಕಳುಹಿಸಿ, ಹಿಂದಿರುಗುವಾಗ ಎದೆಗೆ ಕೈಯೊಡ್ಡಿ ನಿಲ್ಲಿಸುತ್ತದೆ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುವುದರಿಂದ, ವೇಗ ದುಪ್ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಮೈಯನ್ನು ತಗ್ಗಿಸಿ ಗಾಳಿಯನ್ನು ಸೀಳುವುದಕ್ಕಾಗಿಯೇ ಆ ಬಾಗಿದ ಹ್ಯಾಂಡಲ್ಲು ಹುಟ್ಟಿತು. ನಿತ್ಯ ಸಂತೆಗೆ ಹೋಗಿಬರುವವರಿಗೆ ಅದರ ಅಗತ್ಯವಿಲ್ಲ; ನೇರ ಹ್ಯಾಂಡಲ್ಲಿನ ಹಗುರ ಸೈಕಲ್ಲು ಅವರಿಗೆ ಸಾಕು, ಹಣವೂ ಉಳಿಯುತ್ತದೆ. ಪಂದ್ಯಕ್ಕೆ ಇಳಿಯುವವಳಿಗೆ ಮಾತ್ರ ಅದು ಬೇಕೇ ಬೇಕು.

ತಂದೆ ತಲೆದೂಗಲಿಲ್ಲ. ಆದರೆ ಬಾಗಿಲು ಬಿಟ್ಟು ಒಳಗೆ ಬಂದು ಕುಳಿತರು.

ಎರಡನೆಯ ಮಾತು ಹಣದ್ದು. ಮೂವತ್ತೈದು ಸಾವಿರವಿದೆಯೆಂದು ಮೂವತ್ತೈದು ಸಾವಿರದ ಸೈಕಲ್ಲನ್ನೇ ಕೊಳ್ಳಬಾರದು. ಶಿರಸ್ತ್ರಾಣ, ದೀಪ, ಪಂಪು, ಹೆಚ್ಚಿನ ಟ್ಯೂಬು, ಬೀಗ ಇವುಗಳಿಗೆ ಆರರಲ್ಲೊಂದು ಪಾಲನ್ನಾದರೂ ಮೊದಲೇ ಬೇರೆ ಇಡಬೇಕು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ಜಿ.ಎಸ್.ಟಿ.ಯು ನೂರಕ್ಕೆ ಹನ್ನೆರಡರಿಂದ ಐದಕ್ಕೆ ಇಳಿದದ್ದು ನಮಗೆ ಅನುಕೂಲವೇ ಆಯಿತು. ಹಗುರವಾದಷ್ಟೂ ಒಳ್ಳೆಯದೆಂದು ಹಣ ಸುರಿಯುವವರಿದ್ದಾರೆ. ಅಂತರರಾಷ್ಟ್ರೀಯ ಸೈಕಲ್ ಸಂಸ್ಥೆಯೇ 2000ನೆಯ ಇಸವಿಯಲ್ಲಿ ಪಂದ್ಯದ ಸೈಕಲ್ಲು 6.8 ಕಿಲೋಗ್ರಾಂಗಿಂತ ಹಗುರವಾಗಿರಕೂಡದೆಂದು ಕಟ್ಟುಮಾಡಿತು. ಆ ತೂಕದ ಸಮೀಪಕ್ಕೆ ಬರಲು ಲಕ್ಷಗಟ್ಟಲೆ ಬೇಕು. ನಮ್ಮ ಬೆಲೆಗೆ ಹತ್ತು ಹನ್ನೆರಡು ಕಿಲೋ ತೂಗುವ ಅಲ್ಯೂಮಿನಿಯಂ ಚೌಕಟ್ಟಿನ ಸೈಕಲ್ಲು ದೊರೆಯುತ್ತದೆ. ಕಲಿಯುವವರಿಗೆ ಅದು ಧಾರಾಳವಾಯಿತು.

ಮಾರನೆಯ ದಿನ ನಾವು ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅಲ್ಲಿ ಇದ್ದದ್ದು ಒಂದೇ ಓಟದ ಸೈಕಲ್ಲು. 54 ಸೆಂಟಿಮೀಟರಿನ ಚೌಕಟ್ಟು. ಗೇರು ಜಪಾನಿನ ಶಿಮಾನೋ ಕಂಪನಿಯ ಕ್ಲಾರಿಸ್, ಹಿಂದೆ ಎಂಟು ಹಲ್ಲುಚಕ್ರ. ಈ ಕಂಪನಿಯ ಮೆಟ್ಟಿಲುಗಳಲ್ಲಿ ಕೆಳಗಿನದು ಏಳರ ಟೂರ್ನಿ, ಅನಂತರ ಎಂಟರ ಕ್ಲಾರಿಸ್, ಒಂಬತ್ತರ ಸೋರಾ, ಹತ್ತರ ಟಿಯಾಗ್ರಾ. ಹುಡುಗಿಯ ಕಣ್ಣು ಅದರ ಮೇಲೆಯೇ ನೆಟ್ಟಿತು. ಅಂಗಡಿಯವರು, “ಬೆಳೆಯುವ ಹುಡುಗಿ, ಒಂದು ಸೈಜು ದೊಡ್ಡದೇ ಇರಲಿ ಬಿಡಿ” ಎಂದರು.

ಆಗ ಆ ತಾಯಿ ಮಾಡಿದ ಕೆಲಸವನ್ನು ನಾನು ಮರೆಯಲಾರೆ. ಚೀಲದಿಂದ ಹೊಲಿಗೆಯ ಅಳತೆಪಟ್ಟಿಯನ್ನು ತೆಗೆದು, ಮಗಳ ಪಾದರಕ್ಷೆ ಬಿಡಿಸಿ ಗೋಡೆಗೆ ನಿಲ್ಲಿಸಿ, ಪ್ಯಾಂಟಿಗೆ ತೆಗೆಯುವಂತೆಯೇ ಒಳಗಾಲಿನ ಅಳತೆ ತೆಗೆದರು: 74 ಸೆಂಟಿಮೀಟರು. ಓಟದ ಸೈಕಲ್ಲಿನ ಹಳೆಯ ಲೆಕ್ಕದಂತೆ ಒಳಗಾಲನ್ನು 0.67ರಿಂದ ಗುಣಿಸಿದರೆ ಚೌಕಟ್ಟಿನ ಅಳತೆ ಬರುತ್ತದೆ. ಎಂದರೆ ಸುಮಾರು ಐವತ್ತು. ಮೇಲಿನ ಕೊಳವೆ ಇಳಿಜಾರಾಗಿರುವ ಈಗಿನ ಸೈಕಲ್ಲುಗಳಿಗೆ ತಯಾರಕರ ಪಟ್ಟಿಯನ್ನೂ ನೋಡಬೇಕು. ಕೊಳವೆಯ ಮೇಲೆ ಕಾಲು ಚಾಚಿ ನಿಂತಾಗ ಎರಡು ಬೆರಳಾದರೂ ಸಂದು ಉಳಿಯಬೇಕು. ನಮ್ಮ ಹುಡುಗಿ ನಿಂತಾಗ ಸಂದಿರಲಿ, ಹಿಮ್ಮಡಿಯೇ ನೆಲ ಮುಟ್ಟಲಿಲ್ಲ.

“ಬಟ್ಟಿ ಆದ್ರ ಮಡಿಚಿ ಹೊಲಿಬಹುದ್ರಿ. ಇದನ್ನ ಎಲ್ಲಿ ಮಡಚಲಿ?” ಎಂದು ಆಕೆ ಪಟ್ಟಿಯನ್ನು ಸುತ್ತಿ ಚೀಲಕ್ಕೆ ಹಾಕಿದರು. ಹುಡುಗಿಯ ಕಣ್ಣು ತುಂಬಿತು. ಬರಿಗೈಯಲ್ಲಿ ಹಿಂದಿರುಗಿದೆವು.

ಬಳಸಿದ ಸೈಕಲ್ಲೊಂದನ್ನೂ ನೋಡಿದೆವು. ಅಲ್ಲಿಯೂ ಅಳತೆಯೇ ನಮ್ಮನ್ನು ಕಾಪಾಡಿತು. ಹೊಸ ಚೈನಿನ ಹನ್ನೆರಡು ಪೂರ್ಣ ಕೊಂಡಿಗಳು ಮೊಳೆಯಿಂದ ಮೊಳೆಗೆ ಸರಿಯಾಗಿ ಹನ್ನೆರಡು ಅಂಗುಲ ಇರುತ್ತವೆ. ಒಂದು ಅಂಗುಲದ ಹದಿನಾರನೆಯ ಒಂದಂಶ ಹೆಚ್ಚಿದರೆ ಚೈನು ಬದಲಿಸಬೇಕು. ಎಂಟನೆಯ ಒಂದಂಶ ಹೆಚ್ಚಿದರೆ ಹಲ್ಲುಚಕ್ರಗಳೂ ಸವೆದಿರುವುದೇ ಹೆಚ್ಚು. ಉಕ್ಕಿನ ಅಳತೆಗೋಲಿಟ್ಟು ನೋಡಿದರೆ ಇದು ಎಂಟನೆಯ ಒಂದಂಶವನ್ನೂ ಮೀರಿತ್ತು. ಹ್ಯಾಂಡಲ್ಲಿನ ಬುಡದ ಬೆಸುಗೆಯ ಬಳಿ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟಿತ್ತು. ಅಂಥದ್ದನ್ನು ಉಚಿತವಾಗಿ ಕೊಟ್ಟರೂ ತರಬಾರದು.

ಕಡೆಗೆ ತಕ್ಕ ಅಳತೆಯದು ಹುಬ್ಬಳ್ಳಿಯಲ್ಲಿ ಸಿಕ್ಕಿತು. ತಾಯಿ ಮಗಳಿಬ್ಬರೂ ರೈಲಿನಲ್ಲಿ ಹೋಗಿ, ಹತ್ತಿ ಇಳಿದು ನೋಡಿ ತಂದರು. ಅದರ ಗೇರು ಟೂರ್ನಿಯೇ, ಮುಂದೆ ಎರಡು, ಹಿಂದೆ ಏಳು. ನಮ್ಮ ಬಯಲುಸೀಮೆಗೆ ಅಷ್ಟು ಸಾಕು. ಬ್ರೇಕು ರಿಮ್ಮನ್ನು ಹಿಡಿಯುವ ಸಾದಾ ಬಗೆಯದು. ಅಗ್ಗದ ಡಿಸ್ಕ್ ಬ್ರೇಕಿಗಿಂತ ಹಗುರ. ಊರಿನ ಮೂಲೆಯ ಮೆಕ್ಯಾನಿಕ್ಕನೂ ಸರಿಪಡಿಸಬಲ್ಲ.

ಆದರೆ ಆ ಸೈಕಲ್ಲನ್ನು ನಾನು ಒಪ್ಪಿದ್ದು ಮುಖ್ಯವಾಗಿ ಟೈರಿನ ಕಾರಣದಿಂದ. ತೆಳು ಟೈರೇ ವೇಗವೆಂಬುದು ಹಳೆಯ ನಂಬಿಕೆ. ಒಡ್ಡೊಡ್ಡಾದ ರಸ್ತೆಯ ಮೇಲೆ 28 ಅಥವಾ 32 ಮಿಲಿಮೀಟರು ಅಗಲದ ಟೈರು ಕುಲುಕಾಟವನ್ನು ನುಂಗಿ ಸವಾರನ ಶಕ್ತಿಯನ್ನು ಉಳಿಸುತ್ತದೆ. ಮೇಲಾಗಿ ನಮ್ಮ ಸೀಮೆಯಲ್ಲಿ ಒಬ್ಬ ವೈರಿ ಇದ್ದಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು, ನಮ್ಮ ಊರಿನ ಹೆಸರನ್ನೇ ಹೊತ್ತು ನಾಡೆಲ್ಲ ಹಬ್ಬಿದ ಬಳ್ಳಾರಿ ಜಾಲಿ! ಅದರ ಮುಳ್ಳಿಗೆ ಬಡವ ಬಲ್ಲಿದನೆಂಬ ಭೇದವಿಲ್ಲ. ಪಂಕ್ಚರಾದಾಗ ಹಳ್ಳಿಯ ಅಂಗಡಿಯಲ್ಲಿ “ಇಪ್ಪತ್ತೆಂಟರ ಟ್ಯೂಬು” ಕೇಳಿದರೆ, ಅವರು ಕೊಡುವುದು ಹಳೆಯ ದೊಡ್ಡ ಸೈಕಲ್ಲಿನ 28 ಅಂಗುಲದ್ದು. ಅದರ ರಿಮ್ಮಿನ ವ್ಯಾಸ 635 ಮಿಲಿಮೀಟರು. ಓಟದ ಸೈಕಲ್ಲಿನ ಟೈರಿನ ಮೇಲೆ 28-622 ಎಂದು ಅಚ್ಚಾಗಿರುತ್ತದೆ. ಇಲ್ಲಿ 28 ಎಂಬುದು ಅಗಲ, 622 ವ್ಯಾಸ. ಒಂದೇ ಅಂಕಿ, ಬೇರೆ ಅರ್ಥ. ವಾಲ್ವು ತೆಳ್ಳಗಿನದಾಗಿದ್ದರೆ ಊರಿನ ಪಂಪೂ ಹಿಡಿಯದು. ಬೆರಳ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರನ್ನು ಸದಾ ಜೊತೆಯಲ್ಲಿಟ್ಟಿರಬೇಕು.

ಸೀಟಿನ ಎತ್ತರವನ್ನು ತಂದೆಯೇ ಹಿಡಿದು ನಿಲ್ಲಿಸಿದರು. ಟೂರ್ ದ ಫ್ರಾನ್ಸ್ ಪಂದ್ಯವನ್ನು 1986, 1989, 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದ ಲೆಕ್ಕದಂತೆ ಒಳಗಾಲನ್ನು 0.883ರಿಂದ ಗುಣಿಸಿದರೆ, ಪೆಡಲಿನ ತೋಳುಗಳು ತಿರುಗುವ ನಡು ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ದೊರೆಯುತ್ತದೆ. ನಮ್ಮ ಹುಡುಗಿಗೆ ಸುಮಾರು 65 ಸೆಂಟಿಮೀಟರು. ಲೆಕ್ಕ ಬೇಡವೆನ್ನುವವರು ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಕೆಳಗೆ ತಂದಾಗ ಮೊಣಕಾಲು ನೆಟ್ಟಗಾಗುವಂತೆ ಸೀಟನ್ನು ನಿಲ್ಲಿಸಲಿ. ಎರಡೂ ಹೆಚ್ಚುಕಡಿಮೆ ಒಂದೇ ಕಡೆಗೆ ಬರುತ್ತವೆ. ಇದನ್ನು ಹಿಂದೆ ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಎಣ್ಣೆ ಉಳಿಯುತ್ತಿತ್ತೋ!

ಖರ್ಚನ್ನು ಆಕೆ ಹೊಲಿಗೆಯ ಲೆಕ್ಕದ ಪುಸ್ತಕದಲ್ಲಿಯೇ ಬರೆದಿದ್ದಾರೆ. ಸೈಕಲ್ಲು 28,400, ಶಿರಸ್ತ್ರಾಣ 1,700, ಮುಂದಿನ ಹಿಂದಿನ ದೀಪ 1,100, ಪಂಪು 900, ಟ್ಯೂಬು ಎರಡು, ತೇಪೆ, ಅಡಾಪ್ಟರು ಸೇರಿ 950, ಬೀಗ 450. ಒಟ್ಟು 33,500. ಉಳಿದ ಒಂದೂವರೆ ಸಾವಿರ ಮೊದಲ ರಿಪೇರಿಗೆ. ಹಳೆಯ ಯಂತ್ರ ಇನ್ನೂ ಒಂದೆರಡು ವರ್ಷ ದುಡಿಯಬೇಕು. ಅದರ ಬೆಲ್ಟನ್ನು ಮಾತ್ರ ಬದಲಿಸಿಕೊಂಡರು.

ಮೊದಲ ಸವಾರಿ ಕುರುಗೋಡಿಗೆ. ಹೆದ್ದಾರಿಯ ಲಾರಿಗಳಿಗೆ ಹೆದರಿ ಸಿರುಗುಪ್ಪವನ್ನು ಸದ್ಯಕ್ಕೆ ಬೇಡವೆಂದೆ. ಸುಗ್ಗಿಯ ದಿನಗಳಲ್ಲಿ ಆ ಕಡೆ ರಸ್ತೆಯಂಚಿಗೆ ಭತ್ತ ಹರಡಿರುತ್ತದೆ, ಅದರ ಮೇಲೆ ಟೈರು ಜಾರುತ್ತದೆ. ನಸುಕಿನಲ್ಲಿ ಹೊರಟ ಹುಡುಗಿಯ ಹಿಂದೆ ತಂದೆಯ ಆಟೋ. ದೊಡ್ಡಬಸವೇಶ್ವರನ ಗುಡಿಯ ಮುಂದೆ ಇಳಿದು ಕೈಮುಗಿದು ತಿರುಗಿದಳಂತೆ. ದಾರಿಯಲ್ಲಿ ನಿರೀಕ್ಷೆಯಂತೆ ಮುಳ್ಳು. ತಂದೆ ಆಟೋದಿಂದ ಇಳಿಯುವಷ್ಟರಲ್ಲಿ ಅವಳು ಚಕ್ರ ಬಿಚ್ಚಿ ಟ್ಯೂಬು ಬದಲಿಸತೊಡಗಿದ್ದಳು.

ಆಯ್ಕೆಯ ಪಂದ್ಯ ಇನ್ನೂ ಮುಂದಿದೆ. ಫಲವನ್ನು ಈಗಲೇ ಹೇಳುವವನು ನಾನಲ್ಲ. ಆದರೆ ಈಗ ದಿನವೂ ಐದು ಗಂಟೆಗೆ ನನಗೆ ಎಚ್ಚರವಾಗುತ್ತದೆ. ಎದುರು ಮನೆಯಲ್ಲಿ ಹಳೆಯ ಹೊಲಿಗೆ ಯಂತ್ರದ ಸದ್ದು; ಅಂಗಳದಲ್ಲಿ ಪಂಪಿನ ಉಸಿರು. ಪಂಪು ಹೊಡೆಯುವವರು ತಂದೆ. ಮೊನ್ನೆ ನಾನು ಕಿಟಕಿ ತೆರೆದಾಗ ನಾಚಿಕೊಂಡು, “ಗಾಳಿ ಕಡಿಮಿ ಇದ್ರ ಮುಳ್ಳು ಬೇಗ ಹಿಡೀತೈತಂತ್ರಿ, ಸಾರ್” ಎಂದರು.