ಮೊದಲು ಟ್ಯಾಪ್ ರಿಪೇರಿ, ಆಮೇಲೆ ಸಮುದ್ರ

ಕೆಲಸ ಬಿಟ್ಟು ಹಾಯಿದೋಣಿಯಲ್ಲೇ ಆರಾಮಾಗಿ ಬದುಕ್ತೀನಿ ಅನ್ನೋ ಗೆಳೆಯರೇ, ‘ಸುಹೈಲಿ’ ಗೊತ್ತಾ? ಬಾಂಬೆಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ದೋಣಿ. 1968ರಲ್ಲಿ ಇಂಗ್ಲೆಂಡಿನ ಫಾಲ್ಮತ್‌ನಿಂದ ಅದರಲ್ಲಿ ಒಬ್ಬನೇ ಹೊರಟ ರಾಬಿನ್ ನಾಕ್ಸ್-ಜಾನ್‌ಸ್ಟನ್, ಎಲ್ಲೂ ನಿಲ್ಲದೆ 312 ದಿನದಲ್ಲಿ ಭೂಮಿ ಸುತ್ತಿ ಬಂದ. ಆ ಸ್ವಾತಂತ್ರ್ಯ ಹೇಗಿತ್ತು? ದೋಣಿ ಸೋರಿದಾಗ ನಡುಗಡಲಲ್ಲಿ ನೀರಿಗಿಳಿದು ತಾನೇ ಸಂದು ಮುಚ್ಚಿದ. ಕುಡಿಯೋ ನೀರು ಕೆಟ್ಟಾಗ ಮಳೆನೀರು ಹಿಡಿದ. ರೇಡಿಯೋನೂ ಕೈಕೊಟ್ಟಿತು. ಟಿಕೆಟ್ ರೈಸ್ ಮಾಡೋಕೆ ಯಾವ ಸಪೋರ್ಟ್ ಟೀಮೂ ಇರಲಿಲ್ಲ.

ಊರಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪ ಮಾಡು ಹತ್ತಿ ಒಡೆದ ಹೆಂಚು ಬದಲಾಯಿಸ್ತಿದ್ದ. ನಾನು? ಫ್ಲಾಟಿನ ಟ್ಯಾಪ್ ತೊಟ್ಟಿಕ್ಕಿದ್ರೆ ಆ್ಯಪ್‌ನಲ್ಲಿ ಪ್ಲಂಬರ್‌ನ ಕರೀತೀನಿ. ನೀವೂ ಅಷ್ಟೇ. ಮೊದಲು ಆ ವಾಷರ್ ನಾವೇ ಹಾಕೋಣ. ಆಮೇಲೆ ಸಮುದ್ರದ ಮಾತು.