ಭಾವವೂ ಕರ್ತವ್ಯವೂ

ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಅಭಿವೃದ್ಧಿಯನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಾವು ಮೊದಲು ಎಣಿಸಿದ್ದೆವು. ಆದರೆ ಕಳೆದ ವಾರ್ಷಿಕೋತ್ಸವದ ಸಂಜೆ ನಡೆದ ಒಂದು ಸಂಗತಿಯು ಅಂದಿನಿಂದ ನಮ್ಮ ಮನಸ್ಸನ್ನು ಬಿಟ್ಟು ಹೋಗಿಲ್ಲ. ಅದರ ಫಲವಾಗಿ, ನಾವು ಬಹುಕಾಲದಿಂದ ನಮ್ಮ ವಿದ್ಯಾರ್ಥಿನಿಯರಿಗೆ ಹೇಳುತ್ತ ಬಂದ ಒಂದು ಬುದ್ಧಿವಾದವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಹೇಳಿದ್ದು ಬಹಿರಂಗವಾಗಿ; ಆದುದರಿಂದ ಹಿಂತೆಗೆದುಕೊಳ್ಳುವುದೂ ಬಹಿರಂಗವಾಗಿಯೇ ಆಗುವುದು ನ್ಯಾಯವೆಂದು ತೋರಿತು.

ಆ ಸಂಜೆ ಒಂಬತ್ತನೆಯ ತರಗತಿಯ ಬಾಲಿಕೆಯರು ಒಂದು ಚಿಕ್ಕ ನಾಟಕವನ್ನು ಆಡಿದರು. ಅದರಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಪಾತ್ರವೊಂದಿತ್ತು. ಆ ಪಾತ್ರವನ್ನು ವಹಿಸಿದ ಹುಡುಗಿಯು ಅಭ್ಯಾಸದ ದಿನಗಳಲ್ಲಿ ಮಾತಿನ ನಡುವೆ ನಿಜವಾಗಿಯೇ ಅತ್ತುಬಿಡುತ್ತಿದ್ದಳು. ಗಂಟಲು ಕಟ್ಟಿ ಮಾತು ಹೊರಡದು. ಎದುರಿಗೆ ನಿಂತವಳು ಗಾಬರಿಯಿಂದ ತನ್ನ ಮಾತನ್ನೂ ಮರೆಯುವಳು. ನಾಟಕವನ್ನು ಕಲಿಸುತ್ತಿದ್ದ ನಮ್ಮ ಕಿರಿಯ ಉಪಾಧ್ಯಾಯಿನಿಯವರು ಅವಳನ್ನು ಗದರಿಸಲಿಲ್ಲ. “ಅಳಬೇಕೆಂದೂ ಯೋಚಿಸಬೇಡ, ಅಳಬಾರದೆಂದೂ ಯೋಚಿಸಬೇಡ. ಮಗುವಿನ ಅಂಗಿಗಳನ್ನು ಒಂದೊಂದಾಗಿ ಮಡಚಿ ಪೆಟ್ಟಿಗೆಯಲ್ಲಿಡು. ಯಾವುದರ ಗುಂಡಿ ಕಿತ್ತಿದೆ ಎಂದು ನೋಡು, ಅಷ್ಟೆ” ಎಂದರು. ಉತ್ಸವದ ರಾತ್ರಿ ಅವಳು ಹಾಗೆಯೇ ಮಾಡಿದಳು. ಅವಳ ಕಣ್ಣಿನಲ್ಲಿ ಒಂದು ಹನಿಯೂ ಇರಲಿಲ್ಲ. ಆದರೆ ಮುಂದಿನ ಸಾಲುಗಳಲ್ಲಿ ಕುಳಿತಿದ್ದ ತಾಯಂದಿರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾಟಕವು ಮುಗಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮ ಬಳಿಗೆ ಬಂದಳು. ಅವಳು ಆಸ್ಪತ್ರೆಯೊಂದರಲ್ಲಿ ದಾದಿ. “ಟೀಚರ್, ನಾನು ಶಾಲೆಯನ್ನು ಬಿಡುವಾಗ ನೀವು ಒಂದು ಮಾತು ಹೇಳಿದ್ದಿರಿ. ಕೆಲಸಕ್ಕೆ ಹೋಗುವವಳು ತನ್ನ ದುಃಖವನ್ನೂ ಕಣ್ಣೀರನ್ನೂ ಬಾಗಿಲಾಚೆ ಬಿಟ್ಟು ಒಳಗೆ ಹೋಗಬೇಕು ಎಂದು. ಆರು ವರ್ಷ ಹಾಗೆಯೇ ಮಾಡಿದೆ. ಮೊನ್ನೆ ನನ್ನ ವಾರ್ಡಿನಲ್ಲಿ ಒಬ್ಬರು ತೀರಿಹೋದರು. ಅವರ ಹೆಂಡತಿ ನನ್ನ ಮುಖವನ್ನು ನೋಡಿ, ‘ನಿಮಗೆ ಹೃದಯವೆಂಬುದಿಲ್ಲವೇನಮ್ಮಾ’ ಎಂದು ಕೇಳಿದರು. ಇದ್ದದ್ದು ಎಲ್ಲಿ ಹೋಯಿತೆಂದು ನನಗೂ ತಿಳಿಯಲಿಲ್ಲ, ಟೀಚರ್” ಎಂದಳು. ನಾವು ಅವಳ ಕೈಯನ್ನು ಹಿಡಿದುಕೊಂಡೆವೇ ಹೊರತು ಉತ್ತರವನ್ನು ಕೊಡಲಾರದೆ ಹೋದೆವು. ಆ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ಕೆಲಸವು ಚೆನ್ನಾಗಿ ಆಗಬೇಕಾದರೆ ಭಾವವು ಇರಬೇಕೋ ಇರಬಾರದೋ ಎಂಬ ಈ ಪ್ರಶ್ನೆಯನ್ನು ಎಲ್ಲರಿಗಿಂತ ಹೆಚ್ಚು ಕಾಲ ಚರ್ಚಿಸಿದವರು ನಟರೂ ನಾಟಕಶಾಸ್ತ್ರಜ್ಞರೂ ಆಗಿದ್ದಾರೆ. ಅಳುವುದೂ ನಗುವುದೂ ಅವರಿಗೆ ದಿನದ ಕಸುಬಲ್ಲವೆ? ಆದುದರಿಂದ ಮೊದಲು ಅವರನ್ನೇ ಕೇಳೋಣ.

ಫ್ರೆಂಚ್ ದೇಶದ ದಿದರೋ ಎಂಬ ಪಂಡಿತನು 18ನೆಯ ಶತಮಾನದಲ್ಲಿ ನಟನ ವಿಷಯವಾಗಿ ಒಂದು ಸಂವಾದವನ್ನು ಬರೆದನು. ಅದು ಅವನು ತೀರಿಹೋದ ಮೇಲೆ, 1830ರಲ್ಲಿ, ಪ್ರಕಟವಾಯಿತು. ಮಹಾನಟನು ತಾನು ಏನನ್ನೂ ಅನುಭವಿಸದೆ ನೋಡುವವರಿಗೆ ಎಲ್ಲವನ್ನೂ ಅನುಭವಿಸುವಂತೆ ಮಾಡುತ್ತಾನೆಂಬುದು ಅವನ ಮತ. ಭಾವದಿಂದಲೇ ಆಡುವವನು ಮೊದಲನೆಯ ರಾತ್ರಿ ಬೆಂಕಿಯಂತಿದ್ದು, ಮೂರನೆಯ ರಾತ್ರಿ ಕಲ್ಲಿನಂತೆ ತಣ್ಣಗಾಗುವನೆಂದು ಅವನು ವಾದಿಸಿದನು. ಇದಕ್ಕೆ ವಿರೋಧವಾಗಿ, 1898ರಲ್ಲಿ ಮಾಸ್ಕೋ ಕಲಾರಂಗಭೂಮಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಸ್ತಾನಿಸ್ಲಾವ್‌ಸ್ಕಿಯು, ನಟನು ತನ್ನ ಜೀವನದಲ್ಲಿ ಪಟ್ಟ ಸುಖದುಃಖಗಳ ನೆನಪನ್ನು ಕರೆತಂದು ಪಾತ್ರದೊಳಗೆ ಇಡಬೇಕೆಂದು ಬೋಧಿಸಿದನು. ಆದರೆ ಇಲ್ಲಿ ಗಮನಿಸತಕ್ಕ ಒಂದು ವಿಷಯವುಂಟು. 1938ರಲ್ಲಿ ತೀರಿಹೋದ ಆ ಆಚಾರ್ಯನು ತನ್ನ ಕಡೆಯ ವರ್ಷಗಳಲ್ಲಿ ಬೇರೊಂದು ದಾರಿಯನ್ನು ಹಿಡಿದನು. ಭಾವವನ್ನು ಬಾ ಎಂದು ಅಪ್ಪಣೆಮಾಡಿದರೆ ಅದು ಬರುವುದಿಲ್ಲ. ಆದರೆ ಕೈಗೆ ಒಂದು ಕೆಲಸವನ್ನು ಕೊಡಬಹುದು, ಆ ಕೆಲಸವನ್ನು ಪೂರ್ಣ ಮನಸ್ಸಿನಿಂದ ಮಾಡಿದರೆ ಭಾವವು ಅದರ ಬೆನ್ನಿನಲ್ಲಿಯೇ ಬರುವುದು ಎಂದು ಅವನು ಕಂಡುಕೊಂಡನು. ನಮ್ಮ ಕಿರಿಯ ಉಪಾಧ್ಯಾಯಿನಿಯವರು ಅಂಗಿಗಳನ್ನು ಮಡಚಿಸಿದ್ದು ಇದನ್ನೇ.

ನಮ್ಮ ದೇಶದ ಭರತನ ನಾಟ್ಯಶಾಸ್ತ್ರವೂ ಈ ಪ್ರಶ್ನೆಗೆ ಒಂದು ಸಮಾಧಾನವನ್ನು ಹೇಳುತ್ತದೆ. ಕಣ್ಣೀರು, ಬೆವರು, ರೋಮಾಂಚ, ನಡುಕ, ಸ್ವರವು ಒಡೆಯುವುದು ಮುಂತಾದ ಎಂಟನ್ನು ಅದು ಸಾತ್ತ್ವಿಕ ಭಾವಗಳೆಂದು ಕರೆದು, ಇವು ಏಕಾಗ್ರವಾದ ಮನಸ್ಸಿನಿಂದ ಹುಟ್ಟುವುವೆನ್ನುತ್ತದೆ. ತಣ್ಣಗಿನ ಮನಸ್ಸೂ ಅಲ್ಲ, ಕದಡಿದ ಮನಸ್ಸೂ ಅಲ್ಲ. ಒಂದೆಡೆ ನಿಂತ ಮನಸ್ಸು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇನ್ನು ಚಲಚ್ಚಿತ್ರದ ಕಡೆಗೆ ಬರೋಣ. ರಂಗದ ಮೇಲಿನ ನಟನು ಕಡೆಯ ಸಾಲಿನವರಿಗೂ ಕಾಣುವಂತೆ ಭಾವವನ್ನು ಹಿಗ್ಗಿಸಬೇಕು. ಆದರೆ ಅವನಿಗೆ ಕಥೆಯು ಮೊದಲಿಂದ ಕಡೆಯ ವರೆಗೆ ಒಂದೇ ಪ್ರವಾಹವಾಗಿ ಸಿಗುವುದು. ತೆರೆಯ ಮೇಲಿನ ನಟನಿಗೆ ಆ ಭಾಗ್ಯವಿಲ್ಲ. ಅವನ ಕಥೆಯನ್ನು ತುಂಡು ತುಂಡಾಗಿ ಚಿತ್ರಿಸುತ್ತಾರೆ. ಮರಣವನ್ನು ಸೋಮವಾರವೂ ಮದುವೆಯನ್ನು ಬುಧವಾರವೂ ತೆಗೆಯುವುದುಂಟು. ಜೊತೆಗೆ ಕ್ಯಾಮೆರಾವು ಮುಖದ ಒಂದು ಗೇಣು ದೂರದಲ್ಲಿರುವಂತೆ ಎಲ್ಲವನ್ನೂ ಕಂಡುಹಿಡಿಯುತ್ತದೆ. ಅಲ್ಲಿ ಹಿಗ್ಗಿಸಿದ ದುಃಖವು ಸುಳ್ಳಾಗಿ ಕಾಣುವುದು.

ಇದಕ್ಕಿಂತಲೂ ಆಶ್ಚರ್ಯವಾದ ವಿಷಯವೊಂದನ್ನು ರಷ್ಯಾದ ಕುಲೆಶೋವ್ ಎಂಬ ನಿರ್ದೇಶಕನು 1920ರ ಸುಮಾರಿನಲ್ಲಿ ತೋರಿಸಿಕೊಟ್ಟನು. ಮೊಜ್ಜೂಖಿನ್ ಎಂಬ ಪ್ರಸಿದ್ಧ ನಟನ ನಿರ್ಭಾವವಾದ ಮುಖದ ಒಂದೇ ಚಿತ್ರವನ್ನು ಬೇರೆ ಬೇರೆ ದೃಶ್ಯಗಳಿಗೆ ಅಂಟಿಸಲಾಯಿತು. ಅವನ ಸಂಗಡಿಗನಾದ ಪುಡೋವ್ಕಿನ್ನನು ಬರೆದಿಟ್ಟಂತೆ, ಒಂದರಲ್ಲಿ ಊಟದ ತಟ್ಟೆ, ಇನ್ನೊಂದರಲ್ಲಿ ಶವಪೆಟ್ಟಿಗೆ, ಮತ್ತೊಂದರಲ್ಲಿ ಆಡುತ್ತಿರುವ ಮಗು. ನೋಡಿದವರು ಅವನ ಹಸಿವನ್ನೂ ಶೋಕವನ್ನೂ ವಾತ್ಸಲ್ಯವನ್ನೂ ಕೊಂಡಾಡಿದರಂತೆ! ಮುಖವು ಮಾತ್ರ ಮೂರೂ ಸಲ ಒಂದೇ ಆಗಿತ್ತು. ಅಂದರೆ, ಬರಿದಾದ ಮುಖವೆಂಬುದು ನೋಡುವವರ ಪಾಲಿಗೆ ಎಂದಿಗೂ ಬರಿದಾಗಿರುವುದಿಲ್ಲ. ತಾವು ಯಾವುದರ ಪಕ್ಕದಲ್ಲಿ ಆ ಮುಖವನ್ನು ಕಾಣುತ್ತಾರೋ, ಅದರಿಂದಲೇ ಅದನ್ನು ತುಂಬಿಕೊಳ್ಳುತ್ತಾರೆ.

ಇದು ಮೋಜಿನ ಪ್ರಯೋಗವೆಂದು ನಗುವವರು ನಮ್ಮ ಕನ್ನಡದ ಒಂದು ಕಥೆಯನ್ನು ನೆನೆಯಲಿ. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲರು ಚಲಚ್ಚಿತ್ರವಾಗಿ ಮಾಡಿದರು. 1971ರಲ್ಲಿ ಅದು ತೆರೆಗೆ ಬಂದಿತು. ಕಲ್ಪನಾ ಅವರು ಕಾವೇರಿಯ ಪಾತ್ರವನ್ನು ವಹಿಸಿದರು. ಮನೋರೋಗಕ್ಕೆ ಚಿಕಿತ್ಸೆ ಪಡೆದು, ಗುಣವಾಗಿ ಮನೆಗೆ ಮರಳಿದ ಹೆಣ್ಣು ಕಾವೇರಿ. ಆದರೆ ಸುತ್ತಲಿನವರ ಕಣ್ಣಿನಲ್ಲಿ ಅವಳು ಇನ್ನೂ ಹುಚ್ಚಿಯೇ. ಅವಳು ನಕ್ಕರೂ ಸಿಟ್ಟಾದರೂ ಅವರು ಅದರಲ್ಲಿ ಹುಚ್ಚನ್ನೇ ಓದುತ್ತಾರೆ. ಹಾಗೆ ಓದಿ ಓದಿಯೇ ಕೊನೆಗೆ ಅವಳನ್ನು ಮತ್ತೆ ಆಸ್ಪತ್ರೆಗೆ ಕಳುಹಿಸುತ್ತಾರೆ. ಚಿತ್ರಮಂದಿರದಲ್ಲಿ ಕುಳಿತ ನಮಗೆ ಮಾತ್ರ, ಅದೇ ಮುಖದಲ್ಲಿ ನಂಬಿಕೆಗಾಗಿ ಹಂಬಲಿಸುವ ಹೆಂಗಸೊಬ್ಬಳು ಕಾಣುತ್ತಾಳೆ. ಮನೆಯವರು ನೋಡಿದ್ದಕ್ಕೂ ನಾವು ನೋಡಿದ್ದಕ್ಕೂ ಇರುವ ಆ ಅಂತರದಲ್ಲಿಯೇ ಆ ಚಿತ್ರದ ದುಃಖವೆಲ್ಲ ಇದೆ.

ಈಗ ನಮ್ಮ ದಾದಿಯ ಕಡೆಗೆ ಹಿಂದಿರುಗೋಣ. ಅವಳು ನಮ್ಮ ಮಾತಿನಂತೆ ಭಾವವನ್ನು ಬಾಗಿಲಲ್ಲಿ ಬಿಟ್ಟು, ಬರಿದಾದ ಮುಖದಿಂದ ಸಾಯುವವನ ಮಂಚದ ಬಳಿ ನಿಂತಳು. ಆ ಮುಖದಲ್ಲಿ ಕರ್ತವ್ಯವು ಕಾಣುವುದೆಂದು ನಾವು ನಂಬಿದ್ದೆವು. ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಅದರಲ್ಲಿ ಕ್ರೌರ್ಯವು ಕಂಡಿತು. ತಪ್ಪು ಆ ಹೆಂಗಸಿನದಲ್ಲ. ನಮ್ಮ ದಾದಿಯದೂ ಅಲ್ಲ. ಬರಿದಾದ ಮುಖವು ನಿರಪಾಯವೆಂದು ಕಲಿಸಿದ ನಮ್ಮದು. ತರಗತಿಯಲ್ಲಿಯೂ ಹೀಗೆಯೇ ಆಗುತ್ತದೆ. ಉಪಾಧ್ಯಾಯಿನಿಯು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದಿರಬಹುದು. ಲೆಕ್ಕವನ್ನು ತಪ್ಪು ಮಾಡಿದ ಮಗುವು ಮಾತ್ರ ಆ ಬಾಡಿದ ಮುಖವನ್ನು ನೋಡಿ, “ಮಿಸ್ಸಿಗೆ ನನ್ನ ಮೇಲೆ ಕೋಪ” ಎಂದುಕೊಳ್ಳುತ್ತದೆ.

ಹಾಗಾದರೆ ಯಾವಾಗಲೂ ನಗುಮುಖವನ್ನು ಹೊತ್ತುಕೊಂಡಿರಬೇಕೆ? ಈ ಕಾಲದ ಕೆಲವು ಉದ್ಯೋಗಗಳು ಹಾಗೆಯೇ ಕೇಳುತ್ತವೆ. ಅಮೇರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಅವರು 1983ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದರು. ವಿಮಾನದಲ್ಲಿ ಪ್ರಯಾಣಿಕರನ್ನು ಉಪಚರಿಸುವವರನ್ನೂ ಸಾಲ ವಸೂಲಿ ಮಾಡುವವರನ್ನೂ ಅವರು ಅಭ್ಯಾಸಮಾಡಿದರು. ಒಬ್ಬರು ಸಂಬಳಕ್ಕಾಗಿ ಸಹಜಕ್ಕಿಂತ ಹೆಚ್ಚು ಮೃದುವಾಗಬೇಕು. ಇನ್ನೊಬ್ಬರು ಸಹಜಕ್ಕಿಂತ ಹೆಚ್ಚು ಕಠಿನರಾಗಬೇಕು. ಇದನ್ನು ಅವರು ಭಾವದ ದುಡಿಮೆ ಎಂದರು. ಸ್ತಾನಿಸ್ಲಾವ್‌ಸ್ಕಿಯ ಬೋಧನೆಯನ್ನೇ ಆಧಾರವಾಗಿ ಹಿಡಿದು, ಮುಖದಲ್ಲಿ ಮಾತ್ರ ನಟಿಸುವುದು ಒಂದು ಬಗೆ, ಮನಸ್ಸನ್ನೇ ತಿರುಗಿಸಿಕೊಳ್ಳುವುದು ಇನ್ನೊಂದು ಬಗೆ ಎಂದು ವಿಂಗಡಿಸಿದರು. ದಿನವೂ ಭಾವವನ್ನು ಮಾರಬೇಕಾದವರಿಗೆ ಕಡೆಗೆ ತಮ್ಮ ಭಾವವು ಯಾವುದೆಂಬುದೇ ತಿಳಿಯದೆ ಹೋಗುವ ಅಪಾಯವಿದೆಯೆಂದು ಅವರು ಎಚ್ಚರಿಸಿದರು. ನಮ್ಮ ದಾದಿಯ ಮಾತೂ ಅದೇ ಅಲ್ಲವೆ? ಬ್ಯಾಂಕಿನಲ್ಲಿ, ಅಂಗಡಿಯಲ್ಲಿ, ಕಾಲ್ ಸೆಂಟರಿನಲ್ಲಿ ದುಡಿಯುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹೆಂಗಸು ಮುಗುಳ್ನಗದೆ ಉತ್ತರಕೊಟ್ಟರೆ ಅದನ್ನು ಅವಿಧೇಯತೆಯೆಂದು ಎಣಿಸುವ ಯಜಮಾನರೂ ಗಿರಾಕಿಗಳೂ ಇನ್ನೂ ಇದ್ದಾರೆ. ಗಂಡಸಿಗೆ ಅದೇ ಗಾಂಭೀರ್ಯವಾಗುತ್ತದೆ!

ಇಲ್ಲಿ ಕೆಲವರು, “ಭಾವಗಳಲ್ಲೆಲ್ಲ ಭಯವೊಂದೇ ಕೆಲಸಕ್ಕೆ ಉಪಯೋಗ, ಹೆದರಿಕೆಯಿಲ್ಲದೆ ಮಕ್ಕಳು ಓದುವುದಿಲ್ಲ” ಎನ್ನಬಹುದು. ತಂದೆಯವರು ಅನೇಕರು ನಮ್ಮ ಕೊಠಡಿಯಲ್ಲಿಯೇ ಹೀಗೆ ಹೇಳಿದ್ದುಂಟು. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬಿಬ್ಬರು ಇಲಿಗಳನ್ನಿಟ್ಟುಕೊಂಡು ಪರೀಕ್ಷೆ ಮಾಡಿದರು. ಸುಲಭವಾದ ಪಾಠವನ್ನು ಇಲಿಗಳು ಬಲವಾದ ವಿದ್ಯುತ್ತಿನ ಪೆಟ್ಟಿಗೂ ಬೇಗ ಕಲಿತವು. ಕಠಿನವಾದ ಪಾಠಕ್ಕೆ ಅಂಥ ಪೆಟ್ಟು ಹೆಚ್ಚಾದಷ್ಟೂ ಕಲಿಯುವುದು ನಿಧಾನವಾಯಿತು. ಇಲಿಯ ಮಾತು ಬಾಲಿಕೆಗೆ ಹಾಗೆಯೇ ಒಪ್ಪುವುದೆಂದು ನಾವು ಹೇಳುವುದಿಲ್ಲ. ಆದರೆ ಕಪ್ಪುಹಲಗೆಯ ಮುಂದೆ ನಾವು ಕಂಡದ್ದೂ ಇದೇ. ಹೆದರಿದ ಹುಡುಗಿಯು ಮಗ್ಗಿಯನ್ನು ಗಟ್ಟಿಯಾಗಿ ಒಪ್ಪಿಸಬಲ್ಲಳು, ಬೀಜಗಣಿತವನ್ನು ಬಿಡಿಸಲಾರಳು.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಭಾವವು ಕೆಲಸದ ಶತ್ರುವಲ್ಲ. ಅದು ನಮ್ಮ ಕಡೆಗೆ ತಿರುಗಿದಾಗ ಕೆಲಸವು ಕೆಡುತ್ತದೆ. ಎದುರಿಗಿರುವವರ ಕಡೆಗೆ ತಿರುಗಿದಾಗ ಕೆಲಸವು ಏಳಿಗೆಯಾಗುತ್ತದೆ. ನಮ್ಮ ನಾಟಕದ ಹುಡುಗಿಯು ತನ್ನ ಅಳುವನ್ನೇ ನೆನೆದಾಗ ಮಾತು ನಿಂತಿತು. ಅಂಗಿಯ ಗುಂಡಿಯನ್ನು ನೋಡಿದಾಗ ಸಭೆಯೇ ಕರಗಿತು. ಭರತನು ಹೇಳಿದ ಏಕಾಗ್ರತೆಯು ಇದೇ ಎಂದು ನಮ್ಮ ನಂಬಿಕೆ.

ದಾದಿಯಾಗಿರುವ ನಮ್ಮ ಮಗಳಿಗೆ ಈಗ ನಾವು ಕೊಡುವ ಉತ್ತರವು ಇದು: ಕಣ್ಣೀರನ್ನು ಬಾಗಿಲಲ್ಲಿ ಬಿಡಬೇಡ, ನಗುವನ್ನೂ ಬಾಡಿಗೆಗೆ ತರಬೇಡ. ಆ ಹೆಂಗಸಿನ ಹೆಸರು ಹಿಡಿದು ಮಾತನಾಡಿಸು. ಕುಳ್ಳಿರಿಸಿ ಒಂದು ಲೋಟ ನೀರು ಕೊಡು. ಅವಳ ಗಂಡನ ಹೊದಿಕೆಯನ್ನು ಸರಿಪಡಿಸು. ಕೈ ಅದನ್ನು ಮನಸ್ಸಿಟ್ಟು ಮಾಡುತ್ತಿರುವಾಗ ಮುಖವು ತಾನಾಗಿಯೇ ಹೇಳಬೇಕಾದುದನ್ನು ಹೇಳುವುದು. ಒಂದು ಹನಿ ಬಿದ್ದರೆ ಬೀಳಲಿ. ಔಷಧದ ಅಳತೆಯನ್ನು ಮಾತ್ರ ಅದು ತಪ್ಪಿಸದಿರಲಿ.

ಆದರೆ ದುಡಿಯುವವರಿಗೆ ಮಾತ್ರ ಬುದ್ಧಿ ಹೇಳಿ ಸುಮ್ಮನಾಗುವುದು ನ್ಯಾಯವಲ್ಲ. ಒಂದು ಮರಣವನ್ನು ಕಂಡ ದಾದಿಯನ್ನು ಮರುಕ್ಷಣವೇ ಇನ್ನೊಂದು ಮಂಚಕ್ಕೆ ಓಡಿಸುವವರು ಅವಳ ಮುಖವನ್ನು ಕುರಿತು ದೂರಬಾರದು. ಕಾಲು ಗಂಟೆಯ ವಿರಾಮವನ್ನೂ ಕುಳಿತುಕೊಳ್ಳಲು ಒಂದು ಮೂಲೆಯನ್ನೂ ಕೊಡುವುದು ಮೇಲಧಿಕಾರಿಗಳ ಹೊಣೆ. ನಮ್ಮ ಶಾಲೆಯಲ್ಲಿ ಈ ವರ್ಷದಿಂದ ಒಂದು ಪದ್ಧತಿಯನ್ನು ಆರಂಭಿಸಿದ್ದೇವೆ. ಮನೆಯಲ್ಲಿ ಕಷ್ಟವುಳ್ಳ ಉಪಾಧ್ಯಾಯಿನಿಯು ಕಾರಣವನ್ನು ಹೇಳದೆಯೇ ಮೊದಲನೆಯ ಪಿರಿಯಡ್ಡನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು. ಇದರಿಂದ ಪಾಠಗಳು ಹಿಂದೆ ಬಿದ್ದಿಲ್ಲ.

ತಂದೆತಾಯಿಗಳಲ್ಲಿ ಒಂದು ಅರಿಕೆ. “ನಮ್ಮ ಹುಡುಗಿಯದು ಮೆತ್ತನೆಯ ಮನಸ್ಸು, ಬೇಗ ಅಳುತ್ತಾಳೆ, ದಾದಿಯ ಕೆಲಸಕ್ಕೂ ಮೇಷ್ಟರ ಕೆಲಸಕ್ಕೂ ಆಗುವುದಿಲ್ಲ” ಎಂದು ತಾವು ನಮ್ಮೊಡನೆ ಹೇಳುವುದುಂಟು. ಬೇರೆಯವರ ನೋವು ಕಾಣಬಲ್ಲ ಹುಡುಗಿಯನ್ನು ಆ ಕೆಲಸಗಳಿಂದ ತಪ್ಪಿಸಬೇಡಿರಿ. ಅವಳಿಗೆ ಬೇಕಾದುದು ಕಲ್ಲಿನ ಮನಸ್ಸಲ್ಲ, ಕೈಗೆ ಒಳ್ಳೆಯ ಶಿಕ್ಷಣ. ಮತ್ತು ಅವಳು ಸಂಜೆ ಮನೆಗೆ ಬಂದು ಮಾತಿಲ್ಲದೆ ಕುಳಿತರೆ, ಆ ಮುಖದಲ್ಲಿ ಸೊಕ್ಕನ್ನು ಓದುವ ಮೊದಲು, “ಇವತ್ತು ಏನಾಯಿತಮ್ಮಾ?” ಎಂದು ಒಂದು ಮಾತು ಕೇಳಿರಿ.